ಮೊದಲನೇ ಕಾರು ಸೆಕೆಂಡ್ ಹ್ಯಾಂಡ್ ಡೀಸೆಲ್ಲೇ ಬೇಕಾ? ಬೇಕಂದ್ರೆ ಯಾವ್ದು ತಗೋಬೇಕು?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನ ಹತ್ರ ಒಂದೇ ಪ್ರಶ್ನೆ ಕೇಳಿದ್ರು. ಮೂರೂ ಜನಕ್ಕೂ ಡಿಎಲ್ ಬಂದು ಇನ್ನೂ ಆರು ತಿಂಗಳು ತುಂಬಿಲ್ಲ, ಹೊಸ ಕಾರು ತಗೊಳ್ಳೋಷ್ಟು ದುಡ್ಡಿಲ್ಲ, ಡೀಸೆಲ್ ಆದ್ರೆ ಮೈಲೇಜ್ ಬರತ್ತೆ ಅಂತ ಯಾರೋ ತಲೆಗೆ ತುಂಬಿದಾರೆ. ಒಬ್ಬ ನಮ್ಮ ಚಿಕ್ಕಪ್ಪನ ಮಗ, ಪೀಣ್ಯದಲ್ಲಿ ಕೆಲಸ, ಊರು ಸಕಲೇಶಪುರದ ಹತ್ರ, ತಿಂಗಳಿಗೆ ಎರಡ್ಮೂರು ಸಲ ಊರಿಗೆ ಬಂದು ಹೋಗ್ತಾನೆ. ಇನ್ನೊಬ್ರು ನಮ್ಮ ಪಕ್ಕದ್ಮನೆ ಟೀಚರಕ್ಕ, ಹಾಸನದಿಂದ ಚನ್ನರಾಯಪಟ್ಟಣಕ್ಕೆ ದಿನಾ ಸ್ಕೂಲಿಗೆ ಓಡಾಡೋರು. ಮೂರನೆಯವನು ನನ್ನ ಜೊತೆ ಓದಿದವನು, ಬೆಂಗಳೂರಲ್ಲಿ ಮನೆ, ಆಫೀಸು ಮನೆಯಿಂದ ಎಂಟೇ ಕಿಲೋಮೀಟರ್. ಮೂರು ಜನಕ್ಕೂ ನಾನು ಹೇಳಿದ್ದು ಬೇರೆ ಬೇರೆ. ಫೋನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನ ಒಂದ್ಕಡೆ ಬರೆದಿಟ್ರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗತ್ತೆ ಅಂತ ಕೂತ್ಕೊಂಡು ಬರೀತಿದೀನಿ.

ಸುಮಾರು ಜನ ಶುರು ಮಾಡೋದೇ "ಸ್ವಿಫ್ಟ್ ಒಳ್ಳೇದಾ, ಎಟಿಯೋಸ್ ಒಳ್ಳೇದಾ" ಅಂತ. ಗಾಡಿ ಹೆಸರು ಆಮೇಲೆ. ಮೊದಲು ನಿಮ್ಮ ಬಗ್ಗೆ ನಿಮಗೆ ನಾಲ್ಕೈದು ವಿಷಯ ಗೊತ್ತಿರ್ಬೇಕು.

ತಿಂಗಳಿಗೆ ಎಷ್ಟು ಓಡಿಸ್ತೀರಾ?

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹದಿನೈದು ವರ್ಷದ ಹಿಂದೆ ಪೆಟ್ರೋಲಿಗೂ ಡೀಸೆಲಿಗೂ ರೇಟಲ್ಲಿ ಭಾರೀ ಅಂತರ ಇತ್ತು, ಅದಕ್ಕೇ ಜನ ಕಣ್ಮುಚ್ಚಿ ಡೀಸೆಲ್ ತಗೊಳ್ತಿದ್ರು. 2014ರ ಅಕ್ಟೋಬರಲ್ಲಿ ಡೀಸೆಲ್ ರೇಟಿನ ಮೇಲಿದ್ದ ಸರ್ಕಾರದ ಹಿಡಿತ ಹೋಯ್ತು, ಅಂತರ ಕರಗ್ತಾ ಬಂತು. 2025ರ ಏಪ್ರಿಲಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 21.17% ಆದ್ಮೇಲೆ ಬೆಂಗಳೂರಲ್ಲಿ ಡೀಸೆಲ್ 91 ರೂಪಾಯಿ ಆಸುಪಾಸು, ಪೆಟ್ರೋಲ್ 103ರ ಆಸುಪಾಸು ಆಯ್ತು, ಅಂದ್ರೆ ಅಂತರ ಬರೀ 12 ರೂಪಾಯಿ.

ಈಗ ಲೆಕ್ಕ ಹಾಕಿ. ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಲೀಟರಿಗೆ 16 ಕೊಟ್ರೆ ಕಿಲೋಮೀಟರಿಗೆ ಆರೂವರೆ ರೂಪಾಯಿ ಹತ್ರ ಬೀಳತ್ತೆ, ಅದೇ ಸೈಜಿನ ಡೀಸೆಲ್ 20 ಕೊಟ್ರೆ ನಾಲ್ಕೂವರೆ ಚಿಲ್ಲರೆ. ಉಳಿಯೋದು ಕಿಲೋಮೀಟರಿಗೆ ಹೆಚ್ಚುಕಡಿಮೆ 1 ರೂಪಾಯಿ 90 ಪೈಸೆ. ಟೀಚರಕ್ಕ ದಿನಾ ಹೋಗಿ ಬರೋದು 75 ಕಿಲೋಮೀಟರ್ ಮೇಲೆ, 25 ದಿನಕ್ಕೆ 1,900 ಕಿಲೋಮೀಟರ್, ತಿಂಗಳಿಗೆ ಮೂರೂವರೆ ಸಾವಿರ ಉಳಿತಾಯ, ವರ್ಷಕ್ಕೆ 40 ಸಾವಿರ ದಾಟತ್ತೆ. ಬೆಂಗಳೂರು ಗೆಳೆಯ ತಿಂಗಳಿಗೆ 400 ಕಿಲೋಮೀಟರ್ ಓಡಿಸಿದ್ರೆ ಅವನಿಗೆ ಉಳಿಯೋದು 760 ರೂಪಾಯಿ. ವರ್ಷಕ್ಕೆ ಒಂಬತ್ತು ಸಾವಿರ. ಡೀಸೆಲ್ ಗಾಡಿದು ಆಯಿಲ್ ಜಾಸ್ತಿ, ಫಿಲ್ಟರ್ ಜಾಸ್ತಿ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಒಂದು ಇಂಜೆಕ್ಟರ್ ಕೈ ಕೊಟ್ರೆ ಆ ಒಂಬತ್ತು ಸಾವಿರ ಒಂದೇ ದಿನಕ್ಕೆ ಮುಗೀತು. ತಿಂಗಳಿಗೆ 800 ಕಿಲೋಮೀಟರಿಗಿಂತ ಕಮ್ಮಿ ಓಡಿಸೋರು ಹಳೇ ಡೀಸೆಲ್ ತಗೊಳ್ಳೋದು ಬೇಡ ಅಂತ ನಾನು ಎಲ್ರಿಗೂ ನೇರವಾಗೇ ಹೇಳ್ತೀನಿ. 800ರಿಂದ 1,200 ಮಧ್ಯ ಇರೋರು ಒಳ್ಳೇ ಗಾಡಿ ಸಿಕ್ರೆ ತಗೊಳ್ಳಿ, ಸಿಗ್ಲಿಲ್ಲ ಅಂದ್ರೆ ಪೆಟ್ರೋಲಿಗೆ ಹೋಗಿ. ಅದಕ್ಕೂ ಮೇಲೆ ಓಡಿಸೋರಿಗೆ ಡೀಸೆಲ್ಲೇ ಸರಿ.

ಎಷ್ಟು ಓಡಿಸ್ತೀರಾ ಅನ್ನೋದರ ಜೊತೆ ಹೇಗೆ ಓಡಿಸ್ತೀರಾ ಅನ್ನೋದೂ ಬರತ್ತೆ. 2020ರ ಏಪ್ರಿಲ್ ನಂತರ ಬಂದಿರೋ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಕಾರುಗಳಲ್ಲಿ ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರತ್ತೆ, ಮಸಿನ ಹಿಡಿದಿಟ್ಕೊಳ್ಳತ್ತೆ. ಆ ಮಸಿ ಸುಟ್ಟು ಹೋಗ್ಬೇಕಂದ್ರೆ ಗಾಡಿ ಹೈವೇಲಿ ಒಂದೇ ಸ್ಪೀಡಲ್ಲಿ ಸ್ವಲ್ಪ ಹೊತ್ತು ಬಿಸಿಯಾಗಿ ಓಡ್ಬೇಕು. ದಿನಾ ಸಿಗ್ನಲ್ಲಿಂದ ಸಿಗ್ನಲಿಗೆ ಎರಡನೇ ಗೇರಲ್ಲಿ ಹೋಗೋರಿಗೆ ಅದು ಕಟ್ಟಿಕೊಂಡು ಲೈಟ್ ಹತ್ತತ್ತೆ, ಬಿಚ್ಚಿಸಿದ್ರೆ ಖರ್ಚು. ಬಿಎಸ್4 ಸಣ್ಣ ಡೀಸೆಲ್‌ಗಳಲ್ಲಿ ಹೆಚ್ಚಿನವಕ್ಕೆ ಇದು ಇಲ್ಲ, ಅದಕ್ಕೇ 2014ರಿಂದ 2019ರ ಒಳಗಿನ ಗಾಡಿಗಳು ಹೊಸಬರಿಗೆ ಸುಲಭ.

ನಿಮ್ಮೂರಲ್ಲಿ ಯಾರು ರಿಪೇರಿ ಮಾಡ್ತಾರೆ?

ಹಳೇ ಡೀಸೆಲ್ ತಗೊಳ್ಳೋದಂದ್ರೆ ಒಬ್ಬ ಮೆಕ್ಯಾನಿಕ್ಕನ್ನ ನೆಚ್ಕೊಳ್ಳೋದು ಅಂತಾನೇ ಅರ್ಥ. ತಾಲ್ಲೂಕು ಊರಲ್ಲಿರೋರು ಮೊದಲು ಅಲ್ಲಿನ ಒಳ್ಳೇ ಗ್ಯಾರೇಜಿಗೆ ಹೋಗಿ, ಯಾವ ಗಾಡಿ ಅವರ ಹತ್ರ ಜಾಸ್ತಿ ಬರತ್ತೆ, ಯಾವುದರ ಸ್ಪೇರ್ ಅದೇ ದಿನ ಸಿಗತ್ತೆ ಅಂತ ಕೇಳಿ. ನಾನು 2016ರಲ್ಲಿ ಮೊದಲನೇ ಕಾರು ತಗೊಂಡಾಗ ಇದನ್ನ ಕೇಳ್ಲಿಲ್ಲ. ಕಂಪನಿ ಹೆಸರು ಬೇಡ, ಗಾಡಿ ಚೆನ್ನಾಗೇ ಇತ್ತು, ಆದ್ರೆ ಒಂದು ಸೆನ್ಸರ್ ಹೋಗಿದ್ದಕ್ಕೆ ಹಾಸನದಲ್ಲಿ ಸ್ಪೇರ್ ಸಿಗ್ದೆ ಬೆಂಗಳೂರಿಂದ ಬರೋವರೆಗೂ ಹನ್ನೊಂದು ದಿನ ಗ್ಯಾರೇಜಲ್ಲಿ ನಿಂತಿತ್ತು, ಆ ಹನ್ನೊಂದು ದಿನವೂ ಅಪ್ಪನ್ನ ಆಸ್ಪತ್ರೆಗೆ ಆಟೋದಲ್ಲಿ ಕರ್ಕೊಂಡು ಹೋಗಿ ಬಂದೆ. ಈಗಲೂ ಅದು ಮರೆತಿಲ್ಲ.

ಹೊಸ ಡ್ರೈವರ್‌ಗೆ ಏನು ಬೇಕು?

ಡೀಸೆಲ್ ಎಂಜಿನ್ನಿಗೆ ಕೆಳಗಿನ ಎಳೆತ, ಅಂದ್ರೆ ಎಂಜಿನ್ ನಿಧಾನಕ್ಕೆ ತಿರುಗೋವಾಗಿನ ಎಳೆತ ಜಾಸ್ತಿ, ಕ್ಲಚ್ ನಿಧಾನಕ್ಕೆ ಬಿಟ್ರೆ ಎಕ್ಸಲೇಟರ್ ಒತ್ತದೇನೇ ಗಾಡಿ ಮುಂದೆ ಹೋಗತ್ತೆ, ಟ್ರಾಫಿಕ್ಕಲ್ಲಿ ಆಫ್ ಆಗೋದು ಕಮ್ಮಿ. ಇದು ಹೊಸಬರಿಗೆ ಒಳ್ಳೇದೇ. ಆದ್ರೆ ಇನ್ನೊಂದು ಕಡೆ ಎಂಜಿನ್ನಿಗೆ ಗಾಳಿ ತಳ್ಳೋ ಟರ್ಬೋ ಇರತ್ತೆ. ಕೆಲವು ಗಾಡಿಗಳಲ್ಲಿ 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಬರೋವರೆಗೂ ಸುಮ್ನೆ ಮಲಗಿರೋ ಹಾಗೆ ಇದ್ದು, ಆಮೇಲೆ ಇದ್ದಕ್ಕಿದ್ದಂಗೆ ನುಗ್ಗತ್ತೆ, ಇದಕ್ಕೇ ಟರ್ಬೋ ಲ್ಯಾಗ್ ಅನ್ನೋದು. ಘಾಟಿ ತಿರುವಲ್ಲಿ ಎರಡನೇ ಗೇರಲ್ಲಿ ಹತ್ತೋವಾಗ ಮುಂದೆ ಲಾರಿ ನಿಧಾನ ಆಯ್ತು ಅಂದ್ರೆ ಎಳೆತ ಪೂರ್ತಿ ಬಿದ್ದೋಗತ್ತೆ, ಮೊದಲನೇ ಗೇರಿಗೆ ಇಳೀಬೇಕು, ಹೊಸಬರು ಗಾಬರಿಯಾಗಿ ಹಾಫ್ ಕ್ಲಚ್ಚಲ್ಲೇ ಎಳೀತಾರೆ, ಕ್ಲಚ್ ಸುಟ್ಟ ವಾಸನೆ ಬರತ್ತೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಈ ಕಡೆ ಓಡಾಡೋರು ಟೆಸ್ಟ್ ಡ್ರೈವಲ್ಲಿ ಇದನ್ನ ನೋಡ್ಲೇಬೇಕು. ಹಿಂದಿನ ಗ್ಲಾಸಲ್ಲಿ ಎಷ್ಟು ಕಾಣತ್ತೆ, ಕ್ಲಚ್ ಎಷ್ಟು ಗಟ್ಟಿ, ಗಾಡಿ ಎಷ್ಟು ಉದ್ದ ಅನ್ನೋದೂ ಮುಖ್ಯ, ಯಾಕಂದ್ರೆ ಮೊದಲ ವರ್ಷ ತಗಲೋದೆಲ್ಲ ರಿವರ್ಸಲ್ಲೇ.

ಇನ್ನು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಜಾಮ್ ಆಗದ ಹಾಗೆ ನೋಡ್ಕೊಳ್ಳೋದು). ಇದರ ಬಗ್ಗೆ ನಾನು ರಾಜಿ ಆಗಲ್ಲ, ನೀವೂ ಆಗ್ಬೇಡಿ. ನಮ್ಮ ದೇಶದಲ್ಲಿ ಎಲ್ಲಾ ಕಾರಿಗೂ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲಲ್ಲಿ, ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈಯಲ್ಲಿ. ಅದಕ್ಕೂ ಹಿಂದಿನ ಗಾಡಿ ಅಂದ್ರೆ ವೇರಿಯಂಟ್ ನೋಡ್ಕೊಂಡೇ ತಗೋಬೇಕು, ಬೇಸ್ ಮಾಡೆಲ್ಲಲ್ಲಿ ಎರಡೂ ಇಲ್ದಿರೋದು ಎಷ್ಟೋ ಇವೆ. ಮ್ಯೂಸಿಕ್ ಸಿಸ್ಟಮ್ಮು, ಅಲಾಯ್ ವೀಲು ಆಮೇಲೆ ಹಾಕಿಸ್ಬಹುದು. ಏರ್‌ಬ್ಯಾಗ್ ಆಮೇಲೆ ಹಾಕ್ಸಕ್ಕಾಗಲ್ಲ.

ಕೊನೇದು ಆಯಸ್ಸು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ರಿನ್ಯೂವಲ್. 2012ರ ಗಾಡಿ ಕಮ್ಮಿಗೆ ಸಿಕ್ತು ಅಂತ ತಗೊಂಡ್ರೆ 2027ಕ್ಕೆ ಆ ಖರ್ಚು, ಓಡಾಟ ನಿಮ್ಮ ತಲೆ ಮೇಲೆ ಬರತ್ತೆ, ತಿರುಗಿ ಮಾರೋವಾಗ ಕೇಳೋರೂ ಇರಲ್ಲ. ಸಾಲ ಮಾಡಿ ತಗೊಳ್ಳೋರಿಗೆ ಇಷ್ಟು ಹಳೇ ಗಾಡಿಗೆ ಬ್ಯಾಂಕ್ ಲೋನ್ ಸಿಗೋದೂ ಕಷ್ಟ.

ಈಗ ಗಾಡಿಗಳಿಗೆ ಬರೋಣ

ಮಾರುತಿ ಸ್ವಿಫ್ಟ್, ಡಿಜೈರ್, ರಿಟ್ಜ್ ಮೂರಕ್ಕೂ ಒಂದೇ ಎಂಜಿನ್, ಫಿಯಟ್ಟಿನ 1,248 ಸಿಸಿ ಮಲ್ಟಿಜೆಟ್, ಮಾರುತಿಯವರು ಡಿಡಿಐಎಸ್ ಅಂತ ಕರೆದ್ರು. 75 ಹಾರ್ಸ್ ಪವರ್, 190 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಎಳೆತ. ಇದೇ ಎಂಜಿನ್ನನ್ನ ಟಾಟಾದವರು ವಿಸ್ಟಾ, ಮಾಂಜಾ, ಜೆಸ್ಟ್‌ನಲ್ಲಿ, ಫಿಯಟ್ಟಿನವರು ಪುಂಟೋ, ಲಿನಿಯಾದಲ್ಲಿ ಹಾಕಿದ್ರು, ಅದಕ್ಕೇ ನಮ್ಮ ದೇಶದ ರಾಷ್ಟ್ರೀಯ ಡೀಸೆಲ್ ಎಂಜಿನ್ ಅಂತಾನೇ ಜನ ಹೇಳ್ತಿದ್ರು. ಇದರಿಂದ ನಿಮಗೇನು ಲಾಭ ಅಂದ್ರೆ, ಅರಸೀಕೆರೆ, ಬೇಲೂರು, ಅರಕಲಗೂಡು ಎಲ್ಲಿಗಾದ್ರೂ ಹೋಗಿ, ಇದನ್ನ ಬಿಚ್ಚಿ ಜೋಡಿಸಿರೋ ಮೆಕ್ಯಾನಿಕ್ ಒಬ್ಬ ಸಿಕ್ಕೇ ಸಿಗ್ತಾನೆ. ಎಂಜಿನ್ ವಾಲ್ವುಗಳನ್ನ ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸೋ ಟೈಮಿಂಗ್‌ಗೆ ಬೆಲ್ಟ್ ಅಲ್ಲ, ಚೈನ್ ಇದೆ, ಅದೂ ಒಂದು ನೆಮ್ಮದಿ. ಮಾರೋವಾಗಲೂ ಬೆಲೆ ಬೀಳಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ. ಆಗ್ಲೇ ಹೇಳಿದ ಟರ್ಬೋ ಲ್ಯಾಗ್ ಈ ಎಂಜಿನ್ನಲ್ಲಿ ಚೆನ್ನಾಗೇ ಗೊತ್ತಾಗತ್ತೆ. 2011ರ ನಂತರದ ಸ್ವಿಫ್ಟಲ್ಲಿ ಹಿಂದಿನ ಗ್ಲಾಸ್ ಚಿಕ್ಕದು, ಹಿಂದಿನ ಕಂಬ ದಪ್ಪ, ರಿವರ್ಸ್ ಸೆನ್ಸರ್ ಹಾಕ್ಸಿಕೊಳ್ಳದೆ ಹೊಸಬರು ಓಡಿಸೋದು ಬೇಡ. ರಿಟ್ಜಲ್ಲಿ ಕೂರೋ ಸೀಟು ಎತ್ತರ, ಮುಂದೆ ಚೆನ್ನಾಗಿ ಕಾಣತ್ತೆ, ಬೆಲೆನೂ ಸ್ವಿಫ್ಟಿಗಿಂತ ಕಮ್ಮಿ, ನೋಡಕ್ಕೆ ಅಷ್ಟು ಚೆನ್ನಾಗಿಲ್ಲ ಅಂತ ಜನ ಬಿಡ್ತಾರೆ, ಕಲಿಯೋರಿಗೆ ನಾನಂತೂ ರಿಟ್ಜನ್ನೇ ಹೇಳ್ತೀನಿ. ಸುರಕ್ಷತೆ ವಿಷಯಕ್ಕೆ ಬಂದ್ರೆ, 2014ರಲ್ಲಿ ಕಾರುಗಳಿಗೆ ಸುರಕ್ಷತೆ ಸ್ಟಾರ್ ಕೊಡೋ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನ ಗುದ್ದಿಸಿ ನೋಡಿದಾಗ ಸೊನ್ನೆ ಸ್ಟಾರ್ ಬಂತು. ಆದ್ದರಿಂದ ಬೇಸ್ ಮಾಡೆಲ್ ಎಲ್‌ಡಿಐ ಬೇಡ, ಏರ್‌ಬ್ಯಾಗ್ ಇರೋ ಟಾಪ್ ಮಾಡೆಲ್ ಝಡ್‌ಡಿಐ ಹುಡುಕಿ, ಅಥವಾ 2018ರ ನಂತರದ ಮಾಡೆಲ್ಲಿಗೆ ಹೋಗಿ. 2020ರ ಏಪ್ರಿಲಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ಲನ್ನೇ ನಿಲ್ಲಿಸ್ತು, ಹಾಗಾಗಿ ಇರೋದೆಲ್ಲ ಅದಕ್ಕೂ ಹಳೇದು.

ಟೊಯೋಟಾ ಎಟಿಯೋಸ್ (ಸೆಡಾನ್), ಲಿವಾ (ಅದರದೇ ಹ್ಯಾಚ್‌ಬ್ಯಾಕ್) ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿಗಳು. 1.4 ಲೀಟರ್ ಡಿ4ಡಿ ಎಂಜಿನ್, ಪವರ್ ಬರೀ 68, ಕಾಗದದ ಮೇಲೆ ನೋಡಿದ್ರೆ ಇದೆಲ್ಲಿ ಓಡತ್ತೆ ಅನ್ಸತ್ತೆ. ಆದ್ರೆ ಇದರ 170 ನ್ಯೂಟನ್ ಮೀಟರ್ 1,800 ಆರ್‌ಪಿಎಂಗೇ ಸಿಗತ್ತೆ, ಆ ಕೆಳಗಿನ ಎಳೆತದಿಂದ ಗೇರ್ ಚೇಂಜ್ ಮಾಡೋದು ತಡ ಆದ್ರೂ ಗಾಡಿ ಕ್ಷಮಿಸತ್ತೆ. ಕಲಿಯೋರಿಗೆ ಇದಕ್ಕಿಂತ ಸಮಾಧಾನದ ಎಂಜಿನ್ ನಾನು ಓಡಿಸಿಲ್ಲ. ಮೀಟರ್ ಮಧ್ಯದಲ್ಲಿ ಇರೋದು ಒಂದ್ವಾರ ಹೊಸದಾಗಿ ಕಾಣತ್ತೆ, ಆಮೇಲೆ ಅಭ್ಯಾಸ ಆಗತ್ತೆ. ಒಳಗಡೆ ಪ್ಲಾಸ್ಟಿಕ್ ಸಾದಾ, ಎಂಜಿನ್ ಶಬ್ದ ಸ್ವಲ್ಪ ಒಳಗೆ ಬರತ್ತೆ. 2016ರಲ್ಲಿ ಬಂದ ಪ್ಲಾಟಿನಂ ಎಟಿಯೋಸಲ್ಲಿ ಎಲ್ಲಾ ವೇರಿಯಂಟಿಗೂ ಎರಡು ಏರ್‌ಬ್ಯಾಗು, ಎಬಿಎಸ್ಸು ಕೊಟ್ರು, ಅದೇ ವರ್ಷ ಲಿವಾಗೆ ಗ್ಲೋಬಲ್ ಎನ್‌ಕ್ಯಾಪಲ್ಲಿ 4 ಸ್ಟಾರ್ ಬಂತು. ನಾಲ್ಕು ಲಕ್ಷದ ಆಸುಪಾಸಲ್ಲಿ ಹೊಸ ಡ್ರೈವರ್ ಒಬ್ರು ಸುರಕ್ಷತೆ ಬೇಕು ಅಂದ್ರೆ ನಾನು ಮೊದಲು ತೋರ್ಸೋದು 2016ರ ನಂತರದ ಲಿವಾನ.

ಆದ್ರೆ ಎಟಿಯೋಸಲ್ಲಿ ಒಂದು ದೊಡ್ಡ ಅಪಾಯ ಇದೆ, ಅದು ಗಾಡಿದಲ್ಲ, ಮಾರ್ಕೆಟ್ಟಿಂದು. ಬೆಂಗಳೂರಲ್ಲಿ ಟ್ಯಾಕ್ಸಿಗೆ ಓಡಿದ ಎಟಿಯೋಸ್ ಲೆಕ್ಕ ಇಲ್ಲದಷ್ಟಿವೆ, ಡಿಜೈರೂ ಅಷ್ಟೇ. ಮೂರು ಲಕ್ಷ, ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಗಾಡಿನ ಯೆಲ್ಲೋ ಬೋರ್ಡಿಂದ ವೈಟ್ ಬೋರ್ಡಿಗೆ ಕನ್ವರ್ಟ್ ಮಾಡಿಸಿ, ಮೀಟರ್ ತಿರುಗಿಸಿ, ಸೀಟ್ ಕವರ್ ಹೊಸದು ಹಾಕಿ ನಿಲ್ಸಿರ್ತಾರೆ. ಆರ್‌ಸಿಯಲ್ಲಿ ಹಳೇ ನಂಬರ್, ವಾಹನದ ಹಿಂದಿನ ವರ್ಗ ಏನಿತ್ತು ಅಂತ ಆರ್‌ಟಿಓಲಿ ವಿಚಾರಿಸದೆ ಸೆಡಾನ್ ಎಟಿಯೋಸ್ ಮುಟ್ಬೇಡಿ. ಲಿವಾ ಟ್ಯಾಕ್ಸಿಗೆ ಹೋಗಿದ್ದು ಕಮ್ಮಿ, ಅದೂ ನಾನು ಲಿವಾ ಕಡೆ ವಾಲೋದಕ್ಕೆ ಒಂದು ಕಾರಣ.

ಫೋರ್ಡ್ ಫಿಗೋ ವಿಷಯದಲ್ಲಿ ಎರಡು ಬೇರೆ ಬೇರೆ ಕಾರು ಅಂತಾನೇ ತಿಳ್ಕೊಳ್ಳಿ. 2010ರಲ್ಲಿ ಬಂದಿದ್ದು 1.4 ಲೀಟರ್, 69 ಪವರ್, ನಿಧಾನಸ್ಥ, ಸ್ಟೇರಿಂಗ್ ಹಿಡಿತ ಮಾತ್ರ ಬಹಳ ಚೆನ್ನಾಗಿದೆ, ಹೈವೇಲಿ ನೆಲಕ್ಕೆ ಕಚ್ಕೊಂಡು ಹೋಗತ್ತೆ. 2015ರಲ್ಲಿ ಬಂದ ಹೊಸ ಫಿಗೋದಲ್ಲಿ 1.5 ಲೀಟರ್, 100 ಪವರ್, 215 ನ್ಯೂಟನ್ ಮೀಟರ್. ಇದು ತುಂಬಾ ಜೋರು ಗಾಡಿ, ಡಿಎಲ್ ಬಂದು ಆರು ತಿಂಗಳಾದವರ ಕೈಗೆ ಕೊಡಕ್ಕೆ ನನಗೆ ಭಯ, ಎರಡು ವರ್ಷ ಓಡಿಸಿ ಕೈ ಕುದುರಿದವರಿಗೆ ಮಾತ್ರ ಹೇಳ್ತೀನಿ. ಎರಡರಲ್ಲೂ ಟೈಮಿಂಗ್ ಬೆಲ್ಟ್ ಇದೆ, ಲಕ್ಷ ಕಿಲೋಮೀಟರ್ ಹತ್ರ ಬಂದಿರೋ ಗಾಡಿ ಅಂದ್ರೆ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ, ಇಲ್ಲಾಂದ್ರೆ ಆ ಖರ್ಚನ್ನ ರೇಟಲ್ಲಿ ಕಳೀರಿ. ಬೆಲ್ಟ್ ಓಡೋವಾಗ ಕಿತ್ತೋದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯತ್ತೆ, ಎಂಜಿನ್ನೇ ಇಳಿಸ್ಬೇಕು. 2021ರ ಸೆಪ್ಟೆಂಬರಲ್ಲಿ ಫೋರ್ಡ್‌ನವರು ಇಲ್ಲಿ ಕಾರು ತಯಾರಿಸೋದು ನಿಲ್ಲಿಸ್ತೀವಿ ಅಂದ್ಮೇಲೆ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಲ್ಲಿ ರೇಟ್ ಬಿತ್ತು, ಎರಡು ಲಕ್ಷದ ಒಳಗೆ ಗಾಡಿ ಬೇಕೇಬೇಕು ಅನ್ನೋರಿಗೆ ಹಳೇ ಫಿಗೋ ಒಂದು ದಾರಿ, ಹತ್ತಿರದಲ್ಲಿ ಫೋರ್ಡ್ ಗೊತ್ತಿರೋ ಮೆಕ್ಯಾನಿಕ್ ಇದ್ರೆ ಮಾತ್ರ. ಹಳೇ ಫಿಗೋಗೂ 2014ರಲ್ಲಿ ಏರ್‌ಬ್ಯಾಗ್ ಇಲ್ಲದೆ ಸೊನ್ನೆ ಸ್ಟಾರ್ ಬಂದಿತ್ತು ಅನ್ನೋದು ನೆನಪಿರ್ಲಿ, ಟಾಪ್ ಎಂಡ್ ಟೈಟಾನಿಯಂ ಹುಡುಕಿ.

ಹೋಂಡಾ ಅಮೇಜ್ 2013ರಲ್ಲಿ ಬಂತು, ಹೋಂಡಾದವರು ನಮ್ಮ ದೇಶದಲ್ಲಿ ಮಾರಿದ ಮೊದಲನೇ ಡೀಸೆಲ್ ಕಾರು. 1.5 ಲೀಟರ್, 100 ಪವರ್, ಆದ್ರೆ ಫಿಗೋ ಥರ ನುಗ್ಗಲ್ಲ, ಸಮವಾಗಿ ಎಳೆಯತ್ತೆ. ಮೈಲೇಜ್ ಚೆನ್ನಾಗಿದೆ, ಕಂಪನಿ ಹೇಳಿದ್ದು 25.8, ಹೈವೇಲಿ ಹಗುರ ಕಾಲಲ್ಲಿ ಓಡಿಸಿದ್ರೆ 20ರ ಮೇಲೆ ಆರಾಮಾಗಿ ಬರತ್ತೆ. ಶಬ್ದ ಜಾಸ್ತಿ, ಒಳಗೆ ಕೂತ್ರೆ ಡೀಸೆಲ್ಲಲ್ಲಿ ಇದೀವಿ ಅಂತ ಮರೆಯಕ್ಕಾಗಲ್ಲ. ಗ್ರೌಂಡ್ ಕ್ಲಿಯರೆನ್ಸ್ 165 ಮಿಲಿಮೀಟರ್, ಐದು ಜನ ಕೂತು ಡಿಕ್ಕಿಲಿ ಎರಡು ಮೂಟೆ ಹಾಕಿದ್ರೆ ನಮ್ಮೂರಿನ ಹಂಪುಗಳಲ್ಲಿ ಕೆಳಗೆ ಕೆರೆಯತ್ತೆ. ಟಾರು ರೋಡಲ್ಲೇ ದಿನಾ ದೂರ ಹೋಗೋರಿಗೆ ಒಳ್ಳೇದು, ತೋಟದ ದಾರಿಗೆ ಬೇಡ.

ಫೋಕ್ಸ್‌ವ್ಯಾಗನ್ ಪೋಲೋ ಕೇಳೋರು ಎಲ್ಲಾ ಹುಡುಗರೇ. ಬಾಡಿ ಗಟ್ಟಿ, ಬಾಗಿಲು ಹಾಕೋ ಶಬ್ದಕ್ಕೇ ಜನ ಮರುಳಾಗ್ತಾರೆ, ಅದ್ರಲ್ಲಿ ತಪ್ಪಿಲ್ಲ. 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇರೋದಕ್ಕೆ 4 ಸ್ಟಾರ್ ಬಂದಮೇಲೆ ಎಲ್ಲಾ ವೇರಿಯಂಟಿಗೂ ಏರ್‌ಬ್ಯಾಗ್ ಕೊಡಕ್ಕೆ ಶುರು ಮಾಡಿದ್ರು, ಹಾಗಾಗಿ 2014ರ ನಂತರದ್ದು ಸುರಕ್ಷತೆಲಿ ಚೆನ್ನಾಗಿದೆ. ಆದ್ರೆ ಸ್ಪೇರ್ ದುಬಾರಿ, ತಾಲ್ಲೂಕು ಊರಲ್ಲಿ ಕೈ ಹಾಕೋರು ಕಮ್ಮಿ, ಮೂರು ಲಕ್ಷದ ಗಾಡಿಗೆ ರಿಪೇರಿ ಹತ್ತು ಲಕ್ಷದ ಗಾಡಿದೇ ಬರತ್ತೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಥರ ಊರಲ್ಲಿದ್ದು, ವರ್ಷಕ್ಕೆ 40 ಸಾವಿರ ರಿಪೇರಿಗೆ ಅಂತ ಪಕ್ಕಕ್ಕೆ ಇಡೋ ಶಕ್ತಿ ಇದ್ರೆ ತಗೊಳ್ಳಿ.

ಹ್ಯುಂಡೈ ಗ್ರಾಂಡ್ ಐ10 ಡೀಸೆಲ್ ಬಗ್ಗೆ ಒಂದೇ ಮಾತು, ಸ್ಟೇರಿಂಗ್ ಬೆಣ್ಣೆ, ಕ್ಲಚ್ ಹಗುರ, ಸಿಟಿಲಿ ಓಡಿಸಕ್ಕೆ ಈ ಪಟ್ಟಿಯಲ್ಲೇ ಸುಲಭದ ಗಾಡಿ, ಆದ್ರೆ 2017ಕ್ಕೆ ಹಿಂದಿನವುಗಳ 1.1 ಲೀಟರ್ ಮೂರು ಸಿಲಿಂಡರ್ ಎಂಜಿನ್ ಐದು ಜನ ತುಂಬ್ಕೊಂಡು ಘಾಟಿ ಹತ್ತೋವಾಗ ಏದುಸಿರು ಬಿಡತ್ತೆ. ಒಬ್ರು ಇಬ್ರು ಓಡಾಡೋರಿಗೆ ಸಾಕು.

ಐದು ಲಕ್ಷದ ಮೇಲೆ ಬಜೆಟ್ ಇರೋರಿಗೆ ಬ್ರೆಝಾ, ನೆಕ್ಸಾನ್ ಬರತ್ತೆ. ಬ್ರೆಝಾದಲ್ಲಿ ಸ್ವಿಫ್ಟಿನ ಅದೇ 1.3 ಲೀಟರ್ ಎಂಜಿನ್ನಿಗೆ ಬೇರೆ ಟರ್ಬೋ ಹಾಕಿ 90 ಪವರ್, 200 ನ್ಯೂಟನ್ ಮೀಟರ್ ಮಾಡಿದಾರೆ, 198 ಮಿಲಿಮೀಟರ್ ಕ್ಲಿಯರೆನ್ಸು, ಎತ್ತರದಲ್ಲಿ ಕೂರೋದ್ರಿಂದ ಹೊಸಬರಿಗೆ ರೋಡ್ ಚೆನ್ನಾಗಿ ಕಾಣತ್ತೆ, 2018ರಲ್ಲಿ 4 ಸ್ಟಾರ್. ನೆಕ್ಸಾನ್ 1.5 ಲೀಟರ್, 110 ಪವರ್, 209 ಮಿಲಿಮೀಟರ್, 2018ರ ಡಿಸೆಂಬರಲ್ಲಿ 5 ಸ್ಟಾರ್ ತಗೊಂಡಿತ್ತು. ಮಲೆನಾಡಿನ ಮಣ್ಣು ರೋಡು, ಮಳೆಗಾಲ ಅಂತಿದ್ರೆ ಇವೆರಡರಲ್ಲಿ ಒಂದು. ರಿಪೇರಿ ಸುಲಭ ಬೇಕಂದ್ರೆ ಬ್ರೆಝಾ, ಗಟ್ಟಿತನ ಬೇಕಂದ್ರೆ ನೆಕ್ಸಾನ್. ಡಸ್ಟರ್ ಓಡಿಸಕ್ಕೆ ಬಹಳ ಖುಷಿ, 205 ಮಿಲಿಮೀಟರ್ ಕ್ಲಿಯರೆನ್ಸು, ಗುಂಡಿ ಗೊತ್ತೇ ಆಗಲ್ಲ, ಆದ್ರೆ ಇದರಲ್ಲೂ ಟೈಮಿಂಗ್ ಬೆಲ್ಟ್, ಕ್ಲಚ್ ಕೂಡ ಗಟ್ಟಿ, ಮೊದಲನೇ ಕಾರಾಗಿ ನಾನು ಹೇಳಲ್ಲ. ಬೊಲೆರೊ ತೋಟ ಇರೋರು, ಸಾಮಾನು ಸಾಗಿಸೋರು ತಗೊಳ್ಳಿ, ಬರೀ ಆಫೀಸಿಗೆ ಹೋಗಕ್ಕೆ ಅಷ್ಟು ದೊಡ್ಡ ಗಾಡಿ ಕಲಿಯೋರಿಗೆ ಬೇಡ.

ಮಾಡೆಲ್ ಸಿಕ್ತು, ಗಾಡಿ ಹೇಗೆ ನೋಡೋದು

ಇಲ್ಲಿವರೆಗೂ ಹೇಳಿದ್ದಕ್ಕಿಂತ ಇದು ಮುಖ್ಯ. ಹಾಳಾದ ಸ್ವಿಫ್ಟಿಗಿಂತ ಚೆನ್ನಾಗಿ ಇಟ್ಕೊಂಡಿರೋ ಫಿಗೋ ಎಷ್ಟೋ ವಾಸಿ.

ಬೆಳಿಗ್ಗೆ ಹೋಗಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಫೋನಲ್ಲೇ ಹೇಳಿ. ಹೋದ ತಕ್ಷಣ ಬೋನೆಟ್ ಮೇಲೆ ಕೈ ಇಡಿ, ಬಿಸಿ ಇದ್ರೆ ಆಗ್ಲೇ ಓಡಿಸಿ ಬಿಸಿ ಮಾಡಿ ನಿಲ್ಸಿದಾರೆ ಅಂತ ಅರ್ಥ. ಡೀಸೆಲ್ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಆಗೋ ರೀತಿನೇ ಅರ್ಧ ಕಥೆ ಹೇಳತ್ತೆ. ಸೈಲೆನ್ಸರ್ ಹತ್ರ ಒಬ್ರನ್ನ ನಿಲ್ಸಿ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಬಿಟ್ಟು ಬನ್ನಿ. ಎಕ್ಸಲೇಟರ್ ಕೊಟ್ಟಾಗ ದಟ್ಟ ಕಪ್ಪು ಹೊಗೆ ಬಂದ್ರೆ ಇಂಜೆಕ್ಟರ್ರೋ ಟರ್ಬೋನೋ ಏರ್ ಫಿಲ್ಟರ್ರೋ ನೋಡಿಸ್ಬೇಕು. ಎಂಜಿನ್ ಬಿಸಿಯಾದ್ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಅದೂ ಬೇಡ. ಎಂಜಿನ್ ಓಡ್ತಿರೋವಾಗ್ಲೇ ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ಬಿಚ್ಚಿ ಅಲ್ಲೇ ಸಡಿಲವಾಗಿ ಇಡಿ, ಮುಚ್ಚಳ ಕುಣಿದು ಹಾರಿ ಬಿದ್ರೆ, ಒಳಗಿಂದ ಬುಸು ಬುಸು ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ. ನಾನು ನೋಡಿದ ಎಷ್ಟೋ ಹೊಳೆಯೋ ಗಾಡಿಗಳು ಈ ಒಂದು ಪರೀಕ್ಷೆಲೇ ಬಿದ್ದೋದ್ವು.

ಮೀಟರನ್ನ ನಂಬ್ಬೇಡಿ. 60 ಸಾವಿರ ಓಡಿದೆ ಅಂತಾರೆ, ಕ್ಲಚ್ ಪೆಡಲ್ಲಿನ ರಬ್ಬರ್ ನುಣ್ಣಗಾಗಿರತ್ತೆ, ಸ್ಟೇರಿಂಗ್ ಸಿಪ್ಪೆ ಎದ್ದಿರತ್ತೆ, ಡ್ರೈವರ್ ಸೀಟು ಒಂದು ಕಡೆ ಕುಸಿದಿರತ್ತೆ, ಅಂದ್ರೆ ಅದು ಒಂದೂವರೆ ಲಕ್ಷ ಓಡಿದೆ. ಗಾಡಿ ನಂಬರ್ ತಗೊಂಡು ಆ ಕಂಪನಿ ಸರ್ವೀಸ್ ಸೆಂಟರಿಗೆ ಹೋಗಿ ಸರ್ವೀಸ್ ಹಿಸ್ಟರಿ ಕೇಳಿದ್ರೆ ಕೊನೇ ಸಲ ಬಂದಾಗ ಎಷ್ಟಿತ್ತು ಅಂತ ಗೊತ್ತಾಗತ್ತೆ. ಟೈರ್ ಮೇಲೆ ನಾಲ್ಕು ಅಂಕಿ ಇರತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ, 3 ವರ್ಷದ ಗಾಡಿ ಓಡಿದ್ದು 30 ಸಾವಿರ ಅಂತ ಹೇಳಿ ಟೈರ್ ನಾಲ್ಕೂ ಹೊಸದಿದ್ರೆ ಯಾಕೆ ಅಂತ ಕೇಳಿ. ಮುಂದಿನ ಕಂಬ, ಬೋನೆಟ್ ಒಳಗಿನ ಏಪ್ರನ್ (ಎರಡು ಪಕ್ಕದ ತಗಡು), ಡಿಕ್ಕಿಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ, ಇಷ್ಟು ಕಡೆ ವೆಲ್ಡಿಂಗ್, ಟಿಂಕರಿಂಗ್ ಗುರುತು ಹುಡುಕಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ, ಮುಗ್ಗಲು ವಾಸನೆ, ಸೀಟಿನ ಕೆಳಗಿನ ಕಂಬಿಗೆ ತುಕ್ಕು ಇದ್ರೆ ನೀರಲ್ಲಿ ಮುಳುಗಿದ ಗಾಡಿ ಇರ್ಬಹುದು. 2018ರಲ್ಲಿ ಕೊಡಗು, 2019ರಲ್ಲಿ ಉತ್ತರ ಕರ್ನಾಟಕ, 2022ರ ಸೆಪ್ಟೆಂಬರಲ್ಲಿ ಬೆಂಗಳೂರು, ಎಷ್ಟೊಂದು ಕಾರು ಮುಳುಗಿದ್ವು ಅಂತ ಎಲ್ರೂ ನೋಡಿದೀವಿ.

ದಿಲ್ಲಿ ಗಾಡಿ ಬಗ್ಗೆ ಒಂದು ಮಾತು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸೋ ಹಾಗಿಲ್ಲ ಅಂತ ಹಸಿರು ನ್ಯಾಯಮಂಡಳಿ ಹೇಳಿದ್ದನ್ನ 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡೀತು, ಅದಕ್ಕೇ ಅಲ್ಲಿ ಡೀಸೆಲ್ ಕಾರು ಅಗ್ಗ ಆಯ್ತು, ಬ್ರೋಕರ್‌ಗಳು ಲೋಡ್‌ಗಟ್ಟಲೆ ತರಕ್ಕೆ ಶುರು ಮಾಡಿದ್ರು. ಇಲ್ಲಿಗೆ ತಂದ್ಮೇಲೆ ಅಲ್ಲಿನ ಆರ್‌ಟಿಓ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ಕೆಎ ನಂಬರ್, ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರೆ ಅಗ್ಗ ಅನ್ನೋದು ಸುಮಾರು ಕರಗತ್ತೆ. ಗಾಡಿ ಹಿಂದಿನ ಕಥೆ ಕೇಳೋಣ ಅಂದ್ರೆ ಓನರ್ ಎಲ್ಲಿರ್ತಾರೋ. ಮೊದಲನೇ ಸಲ ತಗೊಳ್ಳೋರು ಇದಕ್ಕೆ ಕೈ ಹಾಕ್ಬೇಡಿ, ನಿಮ್ಮ ಜಿಲ್ಲೆದೇ ಸಿಂಗಲ್ ಓನರ್ ಗಾಡಿ 20-30 ಸಾವಿರ ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ.

ಪೇಪರ್ ವಿಷಯ ಬೇಗ ಹೇಳ್ತೀನಿ. ಪರಿವಾಹನ್ ಸೈಟಲ್ಲಿ ನಂಬರ್ ಹಾಕಿ ಎಚ್‌ಪಿ (ಗಾಡಿ ಮೇಲೆ ಸಾಲ) ಇದ್ಯಾ, ಬ್ಲಾಕ್ ಲಿಸ್ಟ್ ಆಗಿದ್ಯಾ, ಚಲನ್ ಬಾಕಿ ಇದ್ಯಾ ನೋಡಿ. ಎಚ್‌ಪಿ ಇದ್ರೆ ಬ್ಯಾಂಕ್ ಎನ್‌ಒಸಿ, ಫಾರ್ಮ್ 35 ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ. ಟ್ರಾನ್ಸ್‌ಫರಿಗೆ ಫಾರ್ಮ್ 29, 30. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡ್ಸಕ್ಕೆ ಅರ್ಜಿ ಕೊಡಿ, ಹಳೇ ಓನರಿನ ನೋ ಕ್ಲೈಮ್ ಬೋನಸ್ ನಿಮಗೆ ಬರಲ್ಲ, ಅದು ಅವರ ಜೊತೆ ಹೋಗತ್ತೆ, ಆ ವ್ಯತ್ಯಾಸದ ದುಡ್ಡು ಎತ್ತಿಟ್ಟಿರಿ. ಗಾಡಿ ರೇಟ್ ಏನೇ ಇರ್ಲಿ, ಕೈಯಲ್ಲಿ ಇನ್ನೊಂದು 30-40 ಸಾವಿರ ಉಳಿಸ್ಕೊಂಡೇ ತಗೊಳ್ಳಿ, ಎಲ್ಲಾ ಆಯಿಲ್ಲು, ಫಿಲ್ಟರ್ರು, ಬ್ರೇಕ್ ಪ್ಯಾಡು, ಬ್ಯಾಟರಿ, ಬೇಕಾದ್ರೆ ಎರಡು ಟೈರು, ಮೊದಲ ತಿಂಗಳೇ ಮಾಡ್ಸಿಬಿಡ್ಬೇಕು.

ಇನ್ನು ಆ ಮೂರು ಜನ. ಬೆಂಗಳೂರು ಗೆಳೆಯನಿಗೆ ಡೀಸೆಲ್ ಬೇಡವೇ ಬೇಡ ಅಂದೆ, ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ನೋಡ್ತಿದಾನೆ. ಟೀಚರಕ್ಕನಿಗೆ 2017ರ ಲಿವಾ ಹೇಳ್ದೆ, ಹಾಸನದಲ್ಲೇ ಒಬ್ರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಹತ್ರ ಇದ್ದ ಗಾಡಿ, ಸರ್ವೀಸ್ ಬಿಲ್ ಎಲ್ಲಾ ಒಂದು ಫೈಲಲ್ಲಿ ಜೋಡಿಸಿಟ್ಟಿದ್ರು, ಹೋದ ವಾರ ಟ್ರಾನ್ಸ್‌ಫರ್ ಆಯ್ತು. ಚಿಕ್ಕಪ್ಪನ ಮಗ ಇನ್ನೂ ಒದ್ದಾಡ್ತಿದಾನೆ, ತಿಂಗಳಿಗೆ ಮೂರು ಸಲ ಊರಿಗೆ ಬಂದ್ರೆ 1,300 ಕಿಲೋಮೀಟರ್ ಆಗತ್ತೆ, ಒಂದೇ ಸಲ ಅಂದ್ರೆ 440 ಅಷ್ಟೇ, ಕೆಲಸದ ದಿನ ಮೆಟ್ರೋದಲ್ಲಿ ಹೋಗ್ತಾನೆ. ನಿಜವಾಗ್ಲೂ ಎಷ್ಟು ಸಲ ಬರ್ತೀಯ ಅಂತ ಮೂರು ತಿಂಗಳು ಬಸ್ ಟಿಕೆಟ್ ಎಣಿಸಿ ಹೇಳು, ಮೂರು ಸಲ ಅಂತಾದ್ರೆ ಏರ್‌ಬ್ಯಾಗ್ ಇರೋ ರಿಟ್ಜೋ ಸ್ವಿಫ್ಟೋ ಇಬ್ರೂ ಸೇರಿ ಹುಡುಕೋಣ, ದುಡ್ಡು ಕೊಡೋಕ್ಕೆ ಮುಂಚೆ ಸಕಲೇಶಪುರದ ಪಕ್ಕ ದೋಣಿಗಾಲ್ ಹತ್ರದ ಏರಲ್ಲಿ ನಾಲ್ಕು ಜನ ಕೂರಿಸ್ಕೊಂಡು ನೀನೇ ಓಡಿಸಿ ನೋಡ್ಬೇಕು ಅಂತ ಹೇಳಿದೀನಿ.